ಬಿಸಿಲು ಭರ್ಜರಿ ಇದೆ ಅಂತ ಜೋಳ ದಟ್ಟ ಬಿತ್ಬೋದಾ?

ಪ್ರಶ್ನೆ: ನಮ್ದು ಇಂಡಿ ಕಡೆ ಎರಿ ಹೊಲರೀ, ಹಿಂಗಾರಿ ಬಿಳಿಜೋಳ ನೀರು ಕೊಡದ ಬರೇ ಮಣ್ಣಾಗಿನ ಹಸಿ (ತೇವ) ಮ್ಯಾಲೇ ಬೆಳಿತೀವಿ. ಡಿಸೆಂಬರ್, ಜನವರಿಯೊಳಗ ಬಿಸಿಲು ಭರ್ಜರಿ ಇರ್ತೈತಿ, ಸಾಲಿನ ನಡುವ ನೆಲಕ್ಕ ಬಿದ್ದು ವೇಸ್ಟ್ ಆಗ್ತೈತಿ. ಬೀಜ ಜಾಸ್ತಿ ಹಾಕಿದ್ರ ಇಳುವರಿ ಏರ್ತೈತೇನ್ರಿ?

ಉತ್ತರ: ನೀರು ಕೊಡೋರಿಗೆ ಒಂದು ಮಟ್ಟದವರೆಗೆ ನಿಮ್ಮ ಮಾತು ಸರಿ. ನಿಮಗಲ್ಲ, ಯಾಕಂದ್ರೆ ನಿಮ್ಮ ಹೊಲದಲ್ಲಿ ಕಮ್ಮಿ ಬೀಳೋದು ಬಿಸಿಲಲ್ಲ, ಹಸಿ. ಮೋಡ ಇಲ್ಲದ ಚಳಿಗಾಲದ ದಿನ ಒಂದು ಚದರ ಮೀಟರ್‌ಗೆ ಸುಮಾರು 18 ಮೆಗಾಜೂಲ್ (ಶಕ್ತಿ ಅಳೆಯೋ ಮಾನ) ಬಿಸಿಲು ಬೀಳುತ್ತೆ ಅಂತಿಟ್ಕೊಳಿ, ಅದ್ರಲ್ಲಿ ಗಿಡ ಬೆಳವಣಿಗೆಗೆ ಹಿಡಿದಿಟ್ಕೊಳೋದು ನೂರಕ್ಕೆ ಒಂದೆರಡು ಪಾಲು ಅಷ್ಟೇ, ಐದನೇ ಒಂದು ಪಾಲು ಹಾಗೇ ವಾಪಸ್ ಹೋಗುತ್ತೆ, ದೊಡ್ಡ ಪಾಲು ನೀರನ್ನ ಆವಿ ಮಾಡೋಕೆ ಖರ್ಚಾಗುತ್ತೆ. ಒಂದು ಲೀಟರ್ ಆವಿಯಾಗೋಕೆ ಹತ್ರಹತ್ರ 2.45 ಮೆಗಾಜೂಲ್ ಬೇಕು. ದಿನಕ್ಕೆ 3 ಮಿ.ಮೀ. ನೀರು ಹೋದ್ರೂ ಎಕರೆಗೆ 12 ಸಾವಿರ ಲೀಟರ್ ಆಯ್ತು, ಅಷ್ಟೂ ಎರೆ ಮಣ್ಣಿನ ಹೊಟ್ಟೆಯಿಂದ್ಲೇ ಬರ್ಬೇಕು!

ಎಲೆ ತಂಪಾಗಿರೋದೇ ಈ ಆವಿಯಿಂದ. ಹಸಿ ತೀರ್ತಾ ಬಂದ್ರೆ ಎಲೆಯ ರಂಧ್ರ ಮುಚ್ಕೊಳುತ್ತೆ, ಆಮೇಲೆ ಅದೇ ಬಿಸಿಲು ಗಿಡನ ಕಾಯಿಸೋಕೆ ಶುರು. ಮಧ್ಯಾಹ್ನ ಎಲೆ ಸುರುಳಿ ಸುತ್ಕೊಂಡಿರುತ್ತಲ್ಲ, ಅದು ಬಿಸಿಲಿಗೆ ಮೈ ಕಮ್ಮಿ ಒಡ್ಡೋ ಉಪಾಯ. ದಟ್ಟ ಬಿತ್ತಿದ್ರೆ ಎಳೆ ಗಿಡಗಳೆಲ್ಲ ಸೇರಿ ಮೊದಲೇ ಹಸಿ ಕುಡಿದು ಸೊಪ್ಪು ಮಾಡ್ಕೊಂಡುಬಿಡ್ತವೆ, ಕಾಳು ಕಟ್ಟೋ ಹೊತ್ತಿಗೆ ನೆಲ ಒಣ. ಕಣಿಕಿ (ದನದ ಮೇವಿನ ದಂಟು) ಸಿಗ್ಬೋದು, ಕಾಳು ಜೊಳ್ಳು. ಅದರ ಮೇಲೆ ಕಾಂಡಕೊಳೆ ಬೇರೆ, ಬಿದ್ದ ದಂಟನ್ನ ಬುಡದ ಹತ್ರ ಸೀಳಿ ನೋಡಿ, ಒಳಗೆ ಇದ್ದಿಲಪುಡಿ ಥರ ಕಪ್ಪಗಿದ್ರೆ ಅದೇ.

ಸಾಲಿಂದ ಸಾಲಿಗೆ 45, ಗಿಡದಿಂದ ಗಿಡಕ್ಕೆ 15 ಸೆಂ.ಮೀ. ಸಾಕು. ಬೀಜದ ದುಡ್ಡು ಉಳಿಸಿ ಒಂದು ಸಲ ಜಾಸ್ತಿ ಎಡೆ ಹೊಡೀರಿ (ಸಾಲಿನ ನಡುವಿನ ಮಣ್ಣು ಸಡಿಲ ಮಾಡಿ), ಬಿರುಕು ಮುಚ್ಚಿದ್ರೆ ಹಸಿ ಉಳಿಯುತ್ತೆ.

ಪ್ರಶ್ನೆ: ಮೋಡ ಇದ್ದ ರಾತ್ರಿ ಹೊಲದಲ್ಲಿ ಚಳಿ ಕಮ್ಮಿ ಯಾಕೆ?

ಉತ್ತರ: ನೆಲ, ಎಲೆ ಎರಡೂ ರಾತ್ರಿಯಿಡೀ ಆಕಾಶಕ್ಕೆ ಶಾಖ ಬಿಡ್ತಾನೇ ಇರ್ತವೆ. ಮೋಡ ಇದ್ರೆ ಅದನ್ನ ಹೀರ್ಕೊಂಡು ಒಂದಷ್ಟು ಕೆಳಕ್ಕೆ ವಾಪಸ್ ಕೊಡುತ್ತೆ. ಶುಭ್ರ ಆಕಾಶ ಇದ್ದು ಗಾಳಿನೂ ನಿಂತ್ರೆ ಎಲೆ ಸುತ್ತಲಿನ ಗಾಳಿಗಿಂತ್ಲೂ ತಣ್ಣಗಾಗುತ್ತೆ, ಇಬ್ಬನಿ ಕೂರೋದೂ ಆಗಲೇ.