ಯುಕುಲೇಲೆಯಲ್ಲಿ ಸ್ಲ್ಯಾಶ್ ಕಾರ್ಡ್ ನುಡಿಸುವುದು ಹೇಗೆ?

ಹಾಡಿನ ಹಾಳೆಯಲ್ಲಿ ಸಿ/ಬಿ, ಡಿ/ಎಫ್ ಶಾರ್ಪ್ ಅಂತ ಸ್ಲ್ಯಾಶ್ ಕಾರ್ಡ್ ಬಂದರೆ ಯಾವ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯಬೇಕು ಅಂತ ಕೇಳಿದ್ದೀರಿ. ಮೊದಲು ಓರೆ ಗೆರೆಯ (/) ಆಚೆಗಿನ ಅಕ್ಷರ ಬಿಟ್ಟು, ಈಚೆಗಿನ ಕಾರ್ಡ್ ಮಾತ್ರ ನುಡಿಸಿ ಹಾಡಿ ನೋಡಿ. ಎಷ್ಟೋ ಹಾಡಿಗೆ ಅಷ್ಟೇ ಸಾಕು.

ಆಚೆಗಿನ ಅಕ್ಷರ ಅಂದರೆ ಬೇಸ್, ಎಲ್ಲಕ್ಕಿಂತ ಕೆಳಗೆ ಕೇಳಬೇಕಾದ ಸ್ವರ. ಗಿಟಾರ್‌ನಲ್ಲಿ ಅದಕ್ಕೆ ದಪ್ಪ ತಂತಿಗಳಿವೆ. ನಮ್ಮ ಯುಕುಲೇಲೆಯಲ್ಲಿ ಇರುವುದು ಜಿ, ಸಿ, ಇ, ಎ ನಾಲ್ಕೇ, ಅದರಲ್ಲೂ ಮುಖದ ಕಡೆಗಿರುವ ಜಿ ತಂತಿ ಸಿ, ಇ ಎರಡಕ್ಕಿಂತಲೂ ಮೇಲಿನ ಶ್ರುತಿಯದು, ಹಾಗಾಗಿ ಮಾಮೂಲಿ ಕಾರ್ಡ್‌ಗಳಲ್ಲಿ ಕೆಳಗಿನ ಸ್ವರ ಸಿ ತಂತಿಯದ್ದೇ ಆಗಿಬಿಡುತ್ತದೆ. ಎಫ್ (2010, ಅಂದರೆ ಜಿ, ಸಿ, ಇ, ಎ ತಂತಿಗಳಲ್ಲಿ ಕ್ರಮವಾಗಿ ಒತ್ತಬೇಕಾದ ಫ್ರೆಟ್ ಅಥವಾ ಮನೆಯ ಸಂಖ್ಯೆ, 0 ಅಂದರೆ ಖಾಲಿ ತಂತಿ) ಹಿಡಿದಾಗ ಸಿ ತಂತಿ ಖಾಲಿ ಇರುತ್ತದೆ ಅಲ್ವಾ? ನೀವು ಆಗಲೇ ಎಫ್/ಸಿ ನುಡಿಸುತ್ತಿದ್ದೀರಿ! ಡಿ/ಎಫ್ ಶಾರ್ಪ್ ಬಂದರೆ ಸುಮ್ನೆ ಡಿ (2220) ಹಿಡಿಯಿರಿ, ಇ ತಂತಿಯ 2ನೇ ಫ್ರೆಟ್‌ನಲ್ಲಿ ಎಫ್ ಶಾರ್ಪ್ ಇದ್ದೇ ಇದೆ.

ಆದರೆ ಸಿ, ಸಿ/ಬಿ, ಎ ಮೈನರ್ ಅಂತ ಸಾಲಾಗಿ ಬಂದರೆ ಆ ಬಿ ಸ್ವರವನ್ನು ಖಂಡಿತ ಬಿಡಬೇಡಿ. ಅಲ್ಲಿ ಬೇಸ್ ಒಂದೊಂದೇ ಮೆಟ್ಟಿಲು ಇಳಿಯುತ್ತಿದೆ, ಹಾಡಿನ ಜೀವವೇ ಆ ಇಳಿಯುವಿಕೆ. ಕೆಳಗಿನ ಶ್ರುತಿಯಲ್ಲಿ ಜಾಗ ಇಲ್ಲದಿದ್ದರೆ ಮೇಲಿನ ಶ್ರುತಿಯ ಎ ತಂತಿಯಲ್ಲಿ ಇಳಿಸಿ. 0003, ಆಮೇಲೆ 0002, ಆಮೇಲೆ 0000. ಎ ತಂತಿಯ 3ನೇ ಫ್ರೆಟ್ ಮೇಲೆ ಉಂಗುರ ಬೆರಳು, 2ರ ಮೇಲೆ ಮಧ್ಯದ ಬೆರಳು, ಕೊನೆಗೆ ಎರಡನ್ನೂ ಎತ್ತಿಬಿಡಿ. ಸಿ, ಬಿ, ಎ ಮೂರೂ ಒಂದೇ ತಂತಿಯಲ್ಲಿ ಸ್ಪಷ್ಟವಾಗಿ ಕೇಳುತ್ತವೆ. ಕೊನೆಯದು ಎ ಮೈನರ್ ಸೆವೆನ್ ಆಗುತ್ತದೆ, ಆ ಜಾಗಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ದಂಡೆಯ ಕಲ್ಲುಬೆಂಚಿನ ಮೇಲೆ ಕೂತು ಇದನ್ನು ಮೊದಲ ಸಲ ಸರಿಯಾಗಿ ನುಡಿಸಿದ ಬೆಳಿಗ್ಗೆ, ಆ ಮೂರು ಸ್ವರಗಳನ್ನೇ ಎಷ್ಟು ಹೊತ್ತು ಇಳಿಸಿದೆನೋ ಲೆಕ್ಕವಿಲ್ಲ.

ಎ ಮೈನರ್, ಎ ಮೈನರ್/ಜಿ, ಎಫ್ ಬಂದರೂ ಇದೇ ಉಪಾಯ: 2000, 0000, 2010. ಎಫ್/ಜಿ ಇನ್ನೂ ಸುಲಭ, ಎಫ್ ಹಿಡಿದು ಜಿ ತಂತಿಯ ಬೆರಳು ಎತ್ತಿದರೆ (0010) ಆಯಿತು.

ಬೇಸ್ ಕೆಳಗೇ ಬೇಕು ಅಂತ ಹಠ ಇದ್ದರೆ ಲೋ ಜಿ ತಂತಿ ಹಾಕಿಸಿ. ಅದು ಒಂದು ಸ್ಥಾಯಿ ಕೆಳಗಿನದು, ಹಿಡಿತ ಯಾವುದೂ ಬದಲಾಗುವುದಿಲ್ಲ, 0003 ತಾನಾಗಿಯೇ ಸಿ/ಜಿ ಆಗುತ್ತದೆ. ಆದರೆ ಯುಕುಲೇಲೆಯ ಆ ಗಿಲಿಗಿಲಿ ನಾದ ಸ್ವಲ್ಪ ಕಡಿಮೆ ಆಗುತ್ತದೆ, ನನಗೆ ಅದೇ ಜಾಸ್ತಿ ಇಷ್ಟ. ಜೊತೆಗೆ ಗೆಳೆಯ ಗಿಟಾರ್ ತಂದ ದಿನ ಬೇಸ್ ಪೂರ್ತಿ ಅವನಿಗೇ ಬಿಟ್ಟು, ನಾನು ಗೆರೆಯ ಈಚೆಗಿನದನ್ನಷ್ಟೇ ನುಡಿಸುತ್ತೇನೆ.