ಭಾನುವಾರ ತಿಂದದ್ದನ್ನೂ ಬರೆದಿಡಬೇಕಾ?

ಪತ್ರ ಬರೆದವರು ದಾವಣಗೆರೆಯ ಓದುಗರು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರ ಉದ್ದವಾಗಿದೆ, ಮುಖ್ಯವಾದಷ್ಟನ್ನು ಇಲ್ಲಿ ಕೊಟ್ಟಿದ್ದೇವೆ.

"ನನಗೆ 38 ವರ್ಷ, ದಿನವಿಡೀ ಕೂತು ಮಾಡುವ ಕೆಲಸ. ಎರಡು ತಿಂಗಳಿಂದ ಡಯಟ್ ಮಾಡುತ್ತಿದ್ದೇನೆ. ಸೋಮವಾರದಿಂದ ಶನಿವಾರದ ತನಕ 1,300 ಕ್ಯಾಲೊರಿ ದಾಟಲ್ಲ, ತಿಂದದ್ದನ್ನೆಲ್ಲ ಆ್ಯಪ್‌ನಲ್ಲಿ ಹಾಕುತ್ತೇನೆ. ಭಾನುವಾರ ಚೀಟ್ ಡೇ, ಅಂದ್ರೆ ಬೇಕಾದದ್ದು ತಿನ್ನೋ ದಿನ, ಅವತ್ತು ಆ್ಯಪ್ ತೆಗೆಯೋದೇ ಇಲ್ಲ. ಜಿಮ್ ಟ್ರೇನರ್ 'ಅವತ್ತು ಬರೀಬೇಡಿ ಮೇಡಂ, ಮನಸ್ಸು ಫ್ರೀ ಆಗಿರಲಿ' ಅಂತಾರೆ. ತಂಗಿ 'ಅವತ್ತೇ ಬರೀದಿದ್ರೆ ಇಷ್ಟೆಲ್ಲ ಮಾಡಿ ಏನು ಬಂತು ಅಕ್ಕ' ಅಂತಾಳೆ. ತೂಕ ಇಳಿದಿರೋದು ಅರ್ಧ ಕೆಜಿ. ಯಾರ ಮಾತು ಕೇಳಲಿ?"

ತಂಗಿಯ ಮಾತು ಕೇಳಿ. ಬರೆಯಿರಿ. ಆದರೆ ವಾರದ ದಿನ ಬರೆಯುವ ಹಾಗೆ ಬರೆಯಬೇಡಿ, ಅದೂ ವರ್ಷಪೂರ್ತಿ ಬೇಡ. ಮೂರ್ನಾಲ್ಕು ಭಾನುವಾರ ಸಾಕು.

ಯಾಕೆ ಅಂತ ಹೇಳೋಕೆ ನೀವೇ ಬರೆದಿರುವ ಭಾನುವಾರವನ್ನು ತೆಗೆದುಕೊಳ್ಳೋಣ. ಬೆಳಿಗ್ಗೆ ಹೋಟೆಲಿನಲ್ಲಿ ಎರಡು ಬೆಣ್ಣೆ ದೋಸೆ, ಆಲೂಗಡ್ಡೆ ಪಲ್ಯ, ಚಟ್ನಿ, ದೋಸೆ ಮೇಲಿನದು ಸಾಲದು ಅಂತ ಕೇಳಿ ಹಾಕಿಸಿಕೊಂಡ ಇನ್ನೊಂದು ಉಂಡೆ ಬೆಣ್ಣೆ. ಮಧ್ಯಾಹ್ನ ಮನೆಯಲ್ಲಿ ನಾಟಿ ಕೋಳಿ ಸಾರು, ಮುದ್ದೆ, ಆಮೇಲೆ ಅನ್ನ, ಜೊತೆಗೆ ಚಿಕನ್ ಫ್ರೈ. ಸಂಜೆ ಖಾರ ಮಂಡಕ್ಕಿ, ನಾಲ್ಕು ಮಿರ್ಚಿ. ನಡುವೆ ಎರಡು ಸಲ ಕಾಫಿ, ಬಿಸ್ಕತ್ತು. ರಾತ್ರಿ ಗೋಬಿ ಮಂಚೂರಿ, ಕೊನೆಗೆ ಐಸ್‌ಕ್ರೀಂ. ಅಂದಾಜು ಹಾಕಿದರೆ ತಿಂಡಿಗೆ 900, ಊಟಕ್ಕೆ 1,200, ಸಂಜೆಗೆ 700, ಕಾಫಿ ಬಿಸ್ಕತ್ತಿಗೆ 200, ರಾತ್ರಿಗೆ 800. ಎಲ್ಲ ಸೇರಿ 3,800 ಕ್ಯಾಲೊರಿ. ಇನ್ನೂರು ಮುನ್ನೂರು ಆಚೀಚೆ ಆಗಬಹುದು, ತೊಂದರೆ ಇಲ್ಲ. ಜಾಸ್ತಿಯೆಲ್ಲ ಬಂದಿರುವುದು ಎಣ್ಣೆ ಬೆಣ್ಣೆಯಿಂದ. ಒಂದು ಗ್ರಾಂ ಅಕ್ಕಿ ಹಿಟ್ಟಿಗೋ ಸಕ್ಕರೆಗೋ 4 ಕ್ಯಾಲೊರಿಯಾದರೆ ಒಂದು ಗ್ರಾಂ ಕೊಬ್ಬಿಗೆ 9. ಒಂದು ದೊಡ್ಡ ಚಮಚ ಎಣ್ಣೆಗೆ ಹತ್ತಿರ ಹತ್ತಿರ 120. ಬಾಣಲೆಯಲ್ಲಿ ಮುಳುಗಿ ಎದ್ದ ಮಿರ್ಚಿ ಎಷ್ಟು ಎಣ್ಣೆ ಕುಡಿದಿದೆ ಎಂದು ಕಣ್ಣಳತೆಯಲ್ಲಿ ಯಾರಿಗೂ ಗೊತ್ತಾಗಲ್ಲ.

ಈಗ ಇಡೀ ವಾರದ ಲೆಕ್ಕ. ನಿಮ್ಮ ವಯಸ್ಸು, ತೂಕ, ಕೂತು ಮಾಡುವ ಕೆಲಸ ನೋಡಿದರೆ ತೂಕ ಏರದೆ ಇಳಿಯದೆ ಇರಲು ದಿನಕ್ಕೆ ಸುಮಾರು 1,800 ಕ್ಯಾಲೊರಿ ಬೇಕು. 1,300 ತಿಂದ ದಿನ 500 ಉಳಿಯುತ್ತದೆ. ಆರು ದಿನಕ್ಕೆ 3,000 ಉಳಿಯಬೇಕಿತ್ತು. ಆದರೆ ಶನಿವಾರ ರಾತ್ರಿ ಮಕ್ಕಳ ಜೊತೆ ಪಾನಿಪುರಿ ತಿನ್ನಲು ಹೋಗುತ್ತೇವೆ, ನಾಳೆ ಹೇಗೂ ಭಾನುವಾರ ಅಲ್ವಾ ಅಂತ ನೀವೇ ಬರೆದಿದ್ದೀರಿ. ಅಂದರೆ ಚೀಟ್ ಡೇ ಶುರುವಾಗುವುದು ಶನಿವಾರ ಸಂಜೆಗೇ. ಆ ದಿನ ಏನೂ ಉಳಿಯಲಿಲ್ಲ ಅಂದುಕೊಳ್ಳೋಣ. ಐದು ದಿನಕ್ಕೆ 2,500 ಉಳಿಯಿತು. ಭಾನುವಾರ ಬೇಕಾದದ್ದು 1,800, ತಿಂದದ್ದು 3,800, ಹೆಚ್ಚಾದದ್ದು 2,000. ವಾರದ ಕೊನೆಗೆ ಕೈಯಲ್ಲಿ ಉಳಿದದ್ದು ಬರೀ 500. ಒಂದು ಕೆಜಿ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಉಳಿಸಬೇಕು ಎನ್ನುವ ಹಳೆಯ ಲೆಕ್ಕ ಹಿಡಿದರೆ 500 ಎಂದರೆ 65 ಗ್ರಾಂ. ಎರಡು ತಿಂಗಳಿಗೆ ಅರ್ಧ ಕೆಜಿ. ನಿಮ್ಮ ತೂಕದ ಯಂತ್ರ ತೋರಿಸಿದ್ದೂ ಅಷ್ಟೇ! ದೇಹ ಸರಿಯಾಗೇ ಕೆಲಸ ಮಾಡುತ್ತಿದೆ. "ನನಗೆ ಥೈರಾಯ್ಡ್ ಇರಬಹುದಾ" ಎಂದು ಕೇಳಿದ್ದೀರಿ. ಅನುಮಾನ ಇದ್ದರೆ ಪರೀಕ್ಷೆ ಮಾಡಿಸಿಕೊಳ್ಳಿ, ಆದರೆ ನಿಮ್ಮ ಅರ್ಧ ಕೆಜಿಗೆ ಕಾರಣ ಹುಡುಕಲು ಅದು ಬೇಕಾಗಿಲ್ಲ.

ಇದನ್ನು ಓದಿ ಭಾನುವಾರವನ್ನೇ ಕಿತ್ತುಹಾಕಲು ಹೊರಡಬೇಡಿ. ನಾನು ಹೇಳಬೇಕೆಂದಿರುವುದು ಅದರ ಉಲ್ಟಾ. ವಾರದ ದಿನ 1,300ರ ಬದಲು 1,500 ತಿನ್ನಿ. ಇನ್ನೂರು ಕ್ಯಾಲೊರಿ ಅಂದರೆ ಬೆಳಿಗ್ಗೆ ಎರಡು ಮೊಟ್ಟೆ, ಸಂಜೆ ಒಂದು ಹಿಡಿ ಹುರಿಗಡಲೆ. ಆರು ದಿನಕ್ಕೆ 1,800 ಉಳಿಯುತ್ತದೆ. ಭಾನುವಾರ 2,400 ತಿನ್ನಿ. ಅದರಲ್ಲಿ ಬೆಣ್ಣೆ ದೋಸೆಯೂ ಬರುತ್ತದೆ, ಕೋಳಿ ಸಾರೂ ಬರುತ್ತದೆ, ಮಿರ್ಚಿಯೂ ಒಂದೋ ಎರಡೋ ಬರುತ್ತದೆ. ಹೆಚ್ಚಾದದ್ದು 600. ವಾರಕ್ಕೆ ಉಳಿದದ್ದು 1,200. ಈಗ ಉಳಿಯುತ್ತಿರುವುದರ ಎರಡು ಪಟ್ಟಿಗಿಂತ ಜಾಸ್ತಿ, ಅದೂ ಆರು ದಿನ ಹೊಟ್ಟೆಗೆ ಜಾಸ್ತಿ ತಿಂದುಕೊಂಡು. ಶನಿವಾರ ಪಾನಿಪುರಿಗೆ ಹೋಗಲೇಬೇಕಾದರೆ ಭಾನುವಾರದ ಪಾಲಿನಲ್ಲಿ ಅದನ್ನೂ ಸೇರಿಸಿಕೊಳ್ಳಿ. ಇದೆಲ್ಲ ಕಾಣಬೇಕಾದರೆ ಭಾನುವಾರದ್ದು ಕಾಗದದ ಮೇಲೆ ಇರಬೇಕು. ಅದಕ್ಕೇ ಬರೆಯಿರಿ ಅಂದದ್ದು.

ಭಾನುವಾರ ಅಷ್ಟು ಯಾಕೆ ತಿನ್ನುತ್ತೀರಿ ಎಂದರೆ ಆರು ದಿನ ಹಸಿದಿರುತ್ತೀರಿ, ಅಷ್ಟೇ. "ಗುರುವಾರ ಬಂತು ಅಂದ್ರೆ ಭಾನುವಾರ ಏನು ತಿನ್ನಬೇಕು ಅಂತ ಪಟ್ಟಿ ಮಾಡ್ತಾ ಕೂರ್ತೀನಿ" ಎಂದು ಬರೆದಿದ್ದೀರಲ್ಲ, ಅದನ್ನು ಓದಿದಾಗ ನನಗೆ ನೆನಪಾದದ್ದು 1944–45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ನಡೆದ ಪ್ರಯೋಗ. ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಆರೋಗ್ಯವಂತ ಯುವಕರಿಗೆ ಆರು ತಿಂಗಳ ಕಾಲ ಬೇಕಾದದ್ದರ ಅರ್ಧದಷ್ಟೇ ಊಟ ಕೊಟ್ಟರು. ಯುದ್ಧದಲ್ಲಿ ಹಸಿದು ಸೊರಗಿದವರಿಗೆ ಮತ್ತೆ ಹೇಗೆ ಊಟ ಕೊಡಬೇಕು ಎಂದು ತಿಳಿಯಲು ಮಾಡಿದ್ದು ಅದು. ಆ ಹುಡುಗರು ಹೊತ್ತು ಹೊತ್ತಿಗೂ ಊಟದ್ದೇ ಮಾತಾಡತೊಡಗಿದರು, ಅಡುಗೆ ಪುಸ್ತಕ ತಂದು ಓದತೊಡಗಿದರು. ಪ್ರಯೋಗ ಮುಗಿದು ಬೇಕಾದಷ್ಟು ತಿನ್ನಬಹುದು ಎಂದಾಗ ಹೊಟ್ಟೆ ಬಿರಿಯುವಷ್ಟು ತಿಂದರೂ ಅನೇಕರಿಗೆ ಹಸಿವು ಹೋಗಲಿಲ್ಲ. ನಿಮ್ಮ 1,300 ಅಷ್ಟು ಕಠಿಣವಲ್ಲ, ನಿಜ. ಆದರೆ ಗುರುವಾರದ ಆ ಪಟ್ಟಿ ಅದೇ ದಾರಿಯಲ್ಲಿದೆ. ಅದು ನಿಮ್ಮ ಮನಸ್ಸಿನ ಬಲಹೀನತೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಹಸಿದ ದೇಹ ಊಟ ಕೇಳುತ್ತದೆ.

ಬರೆಯದೆ ನೆನಪಿನಲ್ಲೇ ಇಟ್ಟುಕೊಳ್ಳಬಹುದಲ್ಲ ಎನ್ನಬಹುದು. ಆಗಲ್ಲ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ, ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುವವರನ್ನೇ ಆರಿಸಿ ಅಳೆದು ನೋಡಿದರು. ಅವರು ಬರೆದು ಕೊಟ್ಟದ್ದೇ ನಿಜವಾಗಿ ತಿಂದದ್ದಕ್ಕಿಂತ ಸರಾಸರಿ ಶೇಕಡಾ 47ರಷ್ಟು ಕಡಿಮೆ ಇತ್ತು, ಬರೀ ನೆನಪಿನಲ್ಲಿ ಇಟ್ಟುಕೊಂಡರೆ ಕೇಳುವುದೇ ಬೇಡ. ಅವರು ಸುಳ್ಳು ಹೇಳುವ ಜನರಲ್ಲ. ಒಗ್ಗರಣೆಗೆ ಬಿದ್ದ ಎಣ್ಣೆ, ಮಗು ತಟ್ಟೆಯಲ್ಲಿ ಬಿಟ್ಟದ್ದು, ಸಾರಿನ ರುಚಿ ನೋಡಿದ್ದು, ಇವೆಲ್ಲ ಯಾರ ನೆನಪಿನಲ್ಲೂ ಉಳಿಯಲ್ಲ.

ಹೇಗೆ ಬರೆಯುವುದು ಅಂತ ಹೇಳುತ್ತೇನೆ. ಭಾನುವಾರ ಆ್ಯಪ್ ಬೇಡವೇ ಬೇಡ. ಆ ವಿಷಯದಲ್ಲಿ ನಿಮ್ಮ ಟ್ರೇನರ್ ಹೇಳಿದ್ದು ಸರಿ. ದೋಸೆ ಮುಂದಿಟ್ಟುಕೊಂಡು ಸಂಖ್ಯೆ ಹುಡುಕುತ್ತಾ ಕೂತರೆ ದೋಸೆ ಆರಿಹೋಗುತ್ತದೆ, ಹುಡುಕಿದರೂ ನಿಮ್ಮ ಬೆಣ್ಣೆ ದೋಸೆ ಸಿಗಲ್ಲ. 'ದೋಸೆ' ಎಂದು ಹಾಕಿದರೆ ಹತ್ತು ಬಗೆ ಬರುತ್ತದೆ, ಒಂದಕ್ಕೆ ಒಂದು ಸಂಬಂಧ ಇರಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಆಹಾರಗಳ ಪಟ್ಟಿ ಪ್ರಕಟಿಸಿದೆ, ಬಹಳ ಒಳ್ಳೆಯ ಕೆಲಸ. ಆದರೆ ಅದರಲ್ಲಿರುವುದು ಹೆಚ್ಚಾಗಿ ಅಕ್ಕಿ, ಬೇಳೆ, ಸೊಪ್ಪು, ಮಾಂಸದಂಥ ಹಸಿ ಪದಾರ್ಥ. ಹೋಟೆಲಿನವರು ಕಾವಲಿಗೆ ಎಷ್ಟು ಬೆಣ್ಣೆ ಹಾಕಿದರು ಎಂದು ಯಾವ ಪಟ್ಟಿಯೂ ಹೇಳಲಾರದು. ಆದ್ದರಿಂದ ಒಂದು ಸಣ್ಣ ನೋಟ್‌ಬುಕ್ಕಿನಲ್ಲೋ, ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳುವ ಮೆಸೇಜಿನಲ್ಲೋ ಸುಮ್ನೆ ಮಾತಿನಲ್ಲಿ ಬರೆಯಿರಿ. "ಒಂಬತ್ತು ಗಂಟೆ. ಬೆಣ್ಣೆ ದೋಸೆ ಎರಡು. ಬೆಣ್ಣೆ ಇನ್ನೊಂದು ಸಲ. ತುಂಬಾ ಹಸಿದಿದ್ದೆ." "ಐದೂವರೆ. ಮಿರ್ಚಿ ನಾಲ್ಕು. ಹಸಿವಿರಲಿಲ್ಲ, ಎಲ್ಲರೂ ತಿನ್ನುತ್ತಿದ್ದರು." ಇಷ್ಟು ಸಾಕು. ಕ್ಯಾಲೊರಿ ಲೆಕ್ಕ ಸೋಮವಾರ ಮಧ್ಯಾಹ್ನ ಊಟ ಆದ ಮೇಲೆ, ಅಂದಾಜಿನಲ್ಲಿ. ಹಸಿವಿತ್ತೋ ಇಲ್ಲವೋ ಎನ್ನುವ ಆ ಒಂದು ಪದ ನನ್ನ ಪ್ರಕಾರ ಸಂಖ್ಯೆಗಿಂತ ಮುಖ್ಯ. ಮೂರು ವಾರ ಬರೆದರೆ ಯಾವುದು ನಿಜವಾಗಿ ಆಸೆಪಟ್ಟು ತಿಂದದ್ದು, ಯಾವುದು ಎದುರಿಗಿತ್ತು ಅಂತ ತಿಂದದ್ದು ಎಂದು ನಿಮಗೇ ಕಾಣುತ್ತದೆ. ಬಿಡುವುದಾದರೆ ಎರಡನೆಯದನ್ನು ಬಿಡಿ. ಬೆಣ್ಣೆ ದೋಸೆಯನ್ನಲ್ಲ.

ಸೋಮವಾರ ಬೆಳಿಗ್ಗೆ ತೂಕ ನೋಡಬೇಡಿ. ಒಂದೂವರೆ ಕೆಜಿ ಏರಿರುತ್ತದೆ, ಗಾಬರಿಯಾಗಿ ಮಧ್ಯಾಹ್ನದ ಊಟ ಬಿಡುತ್ತೇನೆ ಎಂದಿದ್ದೀರಿ. ಒಂದೂವರೆ ಕೆಜಿ ಕೊಬ್ಬು ಬೆಳೆಯಬೇಕಾದರೆ ಬೇಕಾದದ್ದಕ್ಕಿಂತ 11,500 ಕ್ಯಾಲೊರಿ ಹೆಚ್ಚು ತಿನ್ನಬೇಕು. ಒಂದೇ ದಿನದಲ್ಲಿ ಅಷ್ಟು ತಿನ್ನಲು ಆಗುತ್ತದಾ? ಏರಿದ್ದು ಬಹುಪಾಲು ನೀರು. ಅನ್ನ, ದೋಸೆ, ಸಕ್ಕರೆಯ ಒಂದು ಭಾಗವನ್ನು ದೇಹ ಗ್ಲೈಕೋಜನ್ ಆಗಿ ಕೂಡಿಡುತ್ತದೆ, ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಉಳಿಯುತ್ತದೆ. ಮಂಡಕ್ಕಿ, ಮಂಚೂರಿಯ ಉಪ್ಪು ಇನ್ನಷ್ಟು ನೀರು ಹಿಡಿದಿಡುತ್ತದೆ. ಮೂರ್ನಾಲ್ಕು ದಿನದಲ್ಲಿ ತಾನಾಗೇ ಇಳಿಯುತ್ತದೆ. ವಾರಕ್ಕೊಮ್ಮೆ, ಶುಕ್ರವಾರ ಬೆಳಿಗ್ಗೆ ನೋಡಿ. ಸೋಮವಾರದ ಊಟ ಬಿಟ್ಟರೆ ಮಂಗಳವಾರದಿಂದಲೇ ಮುಂದಿನ ಭಾನುವಾರದ ಹಸಿವು ಶುರು.

ಚೀಟ್ ಡೇಯಿಂದ ಮೆಟಬಾಲಿಸಂ, ಅಂದರೆ ದೇಹ ಶಕ್ತಿ ಖರ್ಚು ಮಾಡುವ ವೇಗ, ಜೋರಾಗುತ್ತದೆ ಎಂಬ ಮಾತು ಜಿಮ್‌ಗಳಲ್ಲಿ ಓಡಾಡುತ್ತದೆ. ಜಾಸ್ತಿ ತಿಂದ ದಿನ ಅದನ್ನು ಜೀರ್ಣಿಸಲು ದೇಹ ಜಾಸ್ತಿ ಶಕ್ತಿ ಖರ್ಚು ಮಾಡುವುದು ನಿಜ, ಆದರೆ ಅದು ತಿಂದದ್ದರ ಹತ್ತರಲ್ಲಿ ಒಂದು ಪಾಲಿನಷ್ಟು. ಉಳಿದ ಒಂಬತ್ತು ಪಾಲು ಎಲ್ಲೂ ಹೋಗಲ್ಲ.

ಇದೇ ಉತ್ತರವನ್ನು ಓದುವ ಇನ್ನು ಕೆಲವರಿಗೆ ನಾನು ಬರೆಯಿರಿ ಎನ್ನುವುದಿಲ್ಲ. ತಿನ್ನಲು ಶುರು ಮಾಡಿದರೆ ನಿಲ್ಲಿಸಲು ಆಗುತ್ತಿಲ್ಲ, ಬಚ್ಚಿಟ್ಟುಕೊಂಡು ತಿನ್ನುತ್ತೇನೆ, ತಿಂದ ಮೇಲೆ ಬೆರಳು ಹಾಕಿ ವಾಂತಿ ಮಾಡುತ್ತೇನೆ, ಬರೆದ ಸಂಖ್ಯೆ ನೋಡಿ ಎರಡು ದಿನ ಉಪವಾಸ ಕೂರುತ್ತೇನೆ ಎನ್ನುವವರು ಆ್ಯಪ್ ಅನ್ನೂ ನೋಟ್‌ಬುಕ್ಕನ್ನೂ ಇವತ್ತೇ ಬದಿಗಿಡಿ. ಇದು ಶಿಸ್ತಿನ ಸಮಸ್ಯೆ ಅಲ್ಲ. ಹಿಡಿತ ತಪ್ಪಿ ತಿನ್ನುವುದನ್ನು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲೇ ಪ್ರತ್ಯೇಕ ಕಾಯಿಲೆ ಎಂದು ತನ್ನ ಕೈಪಿಡಿಗೆ ಸೇರಿಸಿದೆ, ಇದಕ್ಕೆ ಚಿಕಿತ್ಸೆಯೂ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೂ ಈ ಲೆಕ್ಕ ಸಾಲದು. ಆರು ದಿನ ಅರೆಹೊಟ್ಟೆ, ಒಂದು ದಿನ ಔತಣ ಅವರಿಗೆ ಅಪಾಯ, ಡಾಕ್ಟರನ್ನು ಕೇಳದೆ ಶುರು ಮಾಡಲೇಬಾರದು.

ಹಬ್ಬಕ್ಕೂ ಬರೆಯಬೇಕಾ ಎಂದಿದ್ದೀರಿ. ಬೇಡ. ಯುಗಾದಿಯ ಹೋಳಿಗೆ, ಮಾರನೇ ದಿನದ ಹೊಸತೊಡಕು, ನೆಂಟರ ಮನೆ ಮದುವೆಯ ಬಾಳೆಎಲೆ ಊಟ, ಇವು ವರ್ಷಕ್ಕೆ ಎಣಿಸುವಷ್ಟು. ಭಾನುವಾರ 52 ಬರುತ್ತದೆ. ಅತ್ತೆ ಹೋಳಿಗೆ ಮೇಲೆ ತುಪ್ಪ ಸುರಿಯುವಾಗ ಖುಷಿಯಾಗಿ ತಿನ್ನಿ.

ಕೊನೆಗೆ, ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ ಸಾಲು. "ಈಗೀಗ 12 ವರ್ಷದ ಮಗಳು ತಟ್ಟೆ ಮುಂದೆ ಕೂತು ಅಮ್ಮಾ ಇದ್ರಲ್ಲಿ ಎಷ್ಟು ಕ್ಯಾಲೊರಿ ಅಂತಾಳೆ" ಎಂದು ಬರೆದು ಪಕ್ಕದಲ್ಲಿ ನಗುವ ಮುಖ ಹಾಕಿದ್ದೀರಿ. ಇದನ್ನು ನಗುತ್ತಾ ಬಿಡಬೇಡಿ. ಅವಳು ಬೆಳೆಯುವ ವಯಸ್ಸಿನ ಹುಡುಗಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ ಆ ವಯಸ್ಸಿನ ಹೆಣ್ಣುಮಕ್ಕಳಿಗೆ ದಿನಕ್ಕೆ 2,000ಕ್ಕೂ ಜಾಸ್ತಿ ಕ್ಯಾಲೊರಿ ಬೇಕು, ಅಂದರೆ ನಿಮಗಿಂತ ಜಾಸ್ತಿ. ನಿಮ್ಮ ಸಂಖ್ಯೆ ನೋಡಿಕೊಂಡು ಅವಳು ತನ್ನ ಊಟ ಅಳೆಯಲು ಶುರು ಮಾಡಿದರೆ ಕಷ್ಟ. ನೋಟ್‌ಬುಕ್ಕನ್ನು ಅವಳ ಎದುರು ತೆಗೆಯಬೇಡಿ. "ಇವತ್ತು ಜಾಸ್ತಿ ತಿಂದುಬಿಟ್ಟೆ, ನಾಳೆ ಉಪವಾಸ" ಎಂಬ ಮಾತು ಅವಳ ಕಿವಿಗೆ ಬೀಳದಿರಲಿ. ಕೇಳಿದರೆ "ನಿಂಗೆ ಅದರ ಲೆಕ್ಕ ಬೇಡ ಪುಟ್ಟಾ, ಹೊಟ್ಟೆ ತುಂಬಾ ತಿನ್ನು" ಎಂದು ಹೇಳಿ, ಭಾನುವಾರ ಅವಳ ಜೊತೆ ಕೂತು ನೀವೂ ನಿಮ್ಮ ದೋಸೆ ತಿನ್ನಿ. ಮೂರ್ನಾಲ್ಕು ವಾರ ಆದ ಮೇಲೆ ಏನು ಕಂಡಿತು ಎಂದು ನಮಗೆ ಇನ್ನೊಂದು ಪತ್ರ ಹಾಕಿ. ತೂಕದ ವಿಷಯ ಆಮೇಲೆ ಬರೆದರೂ ಆಯ್ತು, ಮೊದಲು ಮಗಳ ವಿಷಯ ಬರೆಯಿರಿ.

– ಸಂಪಾದಕ