ಹಿಕ್ಕೇಲಿ ಬಿಳಿ ದಾರ ಕಂಡ್ರೆ

ವಿರಾಜಪೇಟೆಯಿಂದ ಕೇಳಿದೀರಲ್ಲ, ಗಿನಿ ಪಿಗ್ ಹಿಕ್ಕೇಲಿ ಬಿಳಿ ದಾರದ ತರ ಕಾಣ್ತಿದೆ, ನಾಯಿಗೆ ಕೊಡೋ ಹುಳದ ಮಾತ್ರೇಲಿ ಕಾಲುಭಾಗ ಹಾಕ್ಲಾ ಅಂತ, ದಯವಿಟ್ಟು ಬೇಡ, ಒಂದು ಕೆಜಿ ಆಸುಪಾಸಿನ ಜೀವ ಅದು, ತೂಕ ನೋಡಿಯೇ ಡೋಸ್ ಕೊಡ್ಬೇಕು. ಮೊದ್ಲು ಬಿಳಿ ಪೇಪರ್ ಮೇಲೆ ಇಟ್ಟು ನೋಡಿ, ನಮ್ಮನೇಲಿ ಹುಳ ಅಂತ ರಾತ್ರಿಯೆಲ್ಲಾ ಗಾಬರಿಯಾಗಿ ಕೊನೆಗೆ ನೋಡಿದ್ರೆ ಒಣಹುಲ್ಲಿನ ನಾರು! ಅಲ್ಲಾಡ್ತಿದ್ರೆ ಹೊಸ ಹಿಕ್ಕೆ ಡಬ್ಬೀಲಿ ಹಾಕ್ಕೊಂಡು ಪಶುವೈದ್ಯರ ಹತ್ರ ಹೋಗಿ, ಮೈಕ್ರೋಸ್ಕೋಪಲ್ಲಿ ಮೊಟ್ಟೆ ಇದ್ಯಾ ನೋಡ್ತಾರೆ, ಇದ್ರೆ ಸಾಮಾನ್ಯವಾಗಿ ಫೆನ್‌ಬೆಂಡಜೋಲ್ ಅನ್ನೋ ಹುಳದ ಔಷಧಿ ಬರೀತಾರೆ. ಕೆರ್ಕೊಂಡು ಕೆರ್ಕೊಂಡು ಕೂದ್ಲು ಉದುರ್ತಿದ್ರೆ ಅದು ಮೈಟ್ಸ್ (ಚರ್ಮಕ್ಕೆ ಹತ್ತೋ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ) ಇರ್ಬೋದು, ಔಷಧಿ ಬೇರೆ. ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯೋಟಿಕ್ ಮಾತ್ರ ಬಾಯಿಗೆ ಹಾಕ್ಬೇಡಿ, ಇವಕ್ಕೆ ವಿಷ ಇದ್ದ ಹಾಗೆ. ಈ ಮಳೇಲಿ ನಾಯಿ ಓಡಾಡೋ ತೋಟದ ಹುಲ್ಲು ಹಾಕೋದು ನಿಲ್ಸಿ. ತಿನ್ನೋದು ಬಿಟ್ರೆ ಅವತ್ತೇ ಹೊರಡಿ, ಮಳೆ ನಿಲ್ಲಲಿ ಅಂತ ಕಾಯ್ಬೇಡಿ.